ಬಿಚ್ಚದ ನಟ್ಟಿನ ಚರಿತ್ರೆ



ಜೊಯಿಡಾ ತಾಲ್ಲೂಕಿನ ಗಣೇಶಗುಡಿಯಿಂದ ಹಿಡಿದು ದಾಂಡೇಲಿ, ಹಳಿಯಾಳ, ಮುಂಡಗೋಡದವರೆಗೆ ಹಳೆಯ ಜೀಪುಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ಕೆಲವು ಓಡುತ್ತಿವೆ. ಕೆಲವು ಮನೆಯ ಹಿತ್ತಲಲ್ಲಿ, ಕೊಟ್ಟಿಗೆಯ ಪಕ್ಕದ ಚಪ್ಪರದಡಿ ನಿಂತುಬಿಟ್ಟಿವೆ. ಅಂಥ ಗಾಡಿಯನ್ನು ಮೊದಲಿದ್ದ ಹಾಗೆಯೇ ಮಾಡಿ ರಸ್ತೆಗಿಳಿಸಬೇಕೆಂಬ ಆಸೆ ಈಚೆಗೆ ಹಲವರಲ್ಲಿ ಹುಟ್ಟಿದೆ. ಜೀಪಿನ ಜೊತೆಗೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೂ ಆ ಭಾಗ್ಯ ಬರುತ್ತಿದೆ. ಆಸೆ ದೊಡ್ಡದು, ಆದರೆ ಕೆಲಸಕ್ಕೆ ಕೈಹಾಕಿದ ದಿನವೇ ಎದುರಾಗುವ ತೊಡಕು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ತೆಗೆಯಬೇಕು, ಅದರ ನಟ್ಟು ಅಲುಗುವುದಿಲ್ಲ. ಹೊಗೆ ಸಾಗಿಸುವ ಮ್ಯಾನಿಫೋಲ್ಡ್ ಕಳಚಬೇಕು, ಅದರ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು, ಬಿಡುವುದಿಲ್ಲ. ಸಿಟ್ಟಿನಿಂದ ಜಗ್ಗಿದರೆ ಸ್ಟಡ್ ಮುರಿದು ಅರ್ಧ ಒಳಗೇ ಉಳಿಯುತ್ತದೆ.

ಈ ನಟ್ಟು ಹೀಗೇಕೆ ಹಟ ಹಿಡಿಯುತ್ತದೆ? ಅದನ್ನು ಬಿಡಿಸುವ ವಿದ್ಯೆ ನಮ್ಮ ಕಡೆಗೆ ಬಂದದ್ದು ಹೇಗೆ? ಇಂದಿನ ಮಾತು ಇದನ್ನು ಕುರಿತದ್ದು. ನಟ್ಟು ಬಿಚ್ಚುವುದು ತೋಳಿನ ಬಲದ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಆ ನಟ್ಟಿನ ಚರಿತ್ರೆ ಗೊತ್ತಿದ್ದವರ ಕೈಗೆ ಅದು ಬೇಗ ಒಗ್ಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ನಮ್ಮ ನೆಲದ ಮಾತು. ಈ ಕಾಡಿನ ಸೀಮೆಗೆ ಯಂತ್ರ ಬಂದದ್ದು ರೈಲಿನ ಜೊತೆಗೆ. 1880ರ ದಶಕದಲ್ಲಿ ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿಸಿ ಕ್ಯಾಸಲ್‌ರಾಕ್‌ಗೆ ರೈಲುಹಾದಿ ತರುವ ಕೆಲಸ ನಡೆಯಿತು. ಇತ್ತ ಹುಬ್ಬಳ್ಳಿಯಲ್ಲಿ 1885ರಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾಯಿತು. ಫಿಟ್ಟರ್, ಟರ್ನರ್ ಎಂಬ ಕಸುಬುಗಳು ಈ ಭಾಗದ ಮನೆಗಳನ್ನು ಹೊಕ್ಕಿದ್ದು ಅಂಥ ಕಾರ್ಖಾನೆಗಳ ಬಾಗಿಲಿನಿಂದ. ಮುಂದೆ 1955ರಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಹುಟ್ಟಿತು. ಅನಂತರ ಕಾಳಿ ಜಲವಿದ್ಯುತ್ ಯೋಜನೆ ಬಂತು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು, ಅದರ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ಘಟಕಗಳ ವಿದ್ಯುದಾಗಾರ ಬಂತು. ಹಳೆಯ ಸೂಪಾ ಊರು ನೀರಿನಡಿ ಹೋಯಿತು. ರಸ್ತೆಯೇ ಸರಿಯಾಗಿಲ್ಲದ ಕಾಡಿನಲ್ಲಿ ಅರಣ್ಯ ಇಲಾಖೆಯವರಿಗೂ ಗುತ್ತಿಗೆದಾರರಿಗೂ ಎಂಜಿನಿಯರುಗಳಿಗೂ ಆಸರೆಯಾದ ಗಾಡಿ ಜೀಪು.

ಇದೇ ನೆಲದ ಇನ್ನೊಂದು ಗುಣ ಮಳೆ. ಕ್ಯಾಸಲ್‌ರಾಕ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ನಿಂತ ಗಾಡಿಯ ಕಬ್ಬಿಣಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ.

ನಟ್ಟು ಜಾಮ್ ಆಗುವುದಕ್ಕೆ ಮೂರು ಕಾರಣಗಳಿವೆ. ಒಂದನೆಯದು ತುಕ್ಕು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟು ಬೋಲ್ಟುಗಳ ಥ್ರೆಡ್ಡಿನ, ಅಂದರೆ ಸುರುಳಿ ಗೆರೆಗಳ, ನಡುವೆ ಅಷ್ಟು ಜಾಗ ಎಲ್ಲಿದೆ? ಉಬ್ಬಿದ ತುಕ್ಕು ಎರಡನ್ನೂ ಒತ್ತಿ ಹಿಡಿಯುತ್ತದೆ. ಎರಡನೆಯದು ಎರಡು ಲೋಹಗಳ ಸಹವಾಸ. ಅಲ್ಯುಮಿನಿಯಂ ಹೆಡ್‌ನಲ್ಲಿ ಉಕ್ಕಿನ ಸ್ಟಡ್ ಕೂತು ನಡುವೆ ತೇವ ಸೇರಿದರೆ ಅಲ್ಲಿ ಸಣ್ಣದೊಂದು ವಿದ್ಯುತ್ ಕೋಶವೇ ಏರ್ಪಡುತ್ತದೆ. ಆಗ ಸವೆಯುವುದು ಅಲ್ಯುಮಿನಿಯಂ. ಅದರ ಬಿಳಿಯ ಪುಡಿ ಸ್ಟಡ್ಡಿನ ಸುತ್ತ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಪದ್ಮಿನಿಯ ಹೆಡ್ ಬಿಚ್ಚಿದವರಿಗೆ ಈ ಬಿಳಿ ಪುಡಿಯ ಪರಿಚಯ ಇರುತ್ತದೆ. ಮೂರನೆಯದು ಬಿಸಿ. ಎಂಜಿನ್ ಓಡಿದಾಗಲೆಲ್ಲ ಕಾದು ಹಿಗ್ಗಿ, ನಿಂತಾಗಲೆಲ್ಲ ತಣಿದು ಕುಗ್ಗುತ್ತದೆ. ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್‌ಗಳು ವರ್ಷಾನುಗಟ್ಟಲೆ ಹೀಗೆ ಕಾದೂ ಕಾದೂ ಗಡುಸಾಗುತ್ತವೆ, ಜಗ್ಗಿದರೆ ಕಟ್ಟಿಗೆಯಂತೆ ಮುರಿಯುತ್ತವೆ.

ನಾಲ್ಕನೆಯ ಕಾರಣವೂ ಒಂದಿದೆ. ಅದು ಪ್ರಕೃತಿಯದಲ್ಲ, ಮನುಷ್ಯನದು. ಹಿಂದೆ ಯಾರೋ ಅಲ್ಲಿ ಸೇರದ ಬೋಲ್ಟನ್ನು ಬಲವಂತದಿಂದ ತಿರುಗಿಸಿರುತ್ತಾರೆ. ಇದನ್ನು ಅರಿಯಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

18ನೇ ಶತಮಾನದ ಕೊನೆಯವರೆಗೂ ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಪ್ರತಿ ಜೋಡಿಯನ್ನೂ ಕಮ್ಮಾರ ಬೇರೆಬೇರೆಯಾಗಿ ಮಾಡುತ್ತಿದ್ದ. ಬಿಚ್ಚಿಟ್ಟಾಗ ಜೋಡಿ ತಪ್ಪದಂತೆ ಗುರುತು ಹಾಕಬೇಕಿತ್ತು. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್‌ಸ್ಲೇ ಕರಾರುವಾಕ್ಕಾಗಿ ಥ್ರೆಡ್ ಕತ್ತರಿಸುವ ಲೇತ್ ಕಟ್ಟಿದ. ಅವನ ಕಾರ್ಖಾನೆಯಲ್ಲಿ ದುಡಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಡೀ ಇಂಗ್ಲೆಂಡಿಗೆ ಒಂದೇ ಅಳತೆ ಇರಲಿ ಎಂದು ಮುಂದೆ ಬಂದ. ಥ್ರೆಡ್ಡಿನ ಕೋನ 55 ಡಿಗ್ರಿ, ಇಂಥ ದಪ್ಪದ ಬೋಲ್ಟಿಗೆ ಇಂಚಿಗೆ ಇಷ್ಟೇ ಸುತ್ತು ಎಂದು ಪಟ್ಟಿ ಮಾಡಿದ. ಬ್ರಿಟಿಷ್ ರೈಲು ಕಂಪನಿಗಳು ಅದನ್ನು ಒಪ್ಪಿಕೊಂಡವು. ಬ್ರಿಟಿಷರ ಎಂಜಿನ್ನುಗಳು ಹೋದಲ್ಲೆಲ್ಲ ವಿಟ್‌ವರ್ತ್ ಥ್ರೆಡ್ ಹೋಯಿತು, ನಮ್ಮ ಕಡೆಗೂ ಹಾಗೆಯೇ ಬಂತು.

ಅಮೆರಿಕದವರು ಬೇರೆ ದಾರಿ ಹಿಡಿದರು. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿ ಕೋನದ ಥ್ರೆಡ್ ಮುಂದಿಟ್ಟ. 55 ಡಿಗ್ರಿಗಿಂತ 60 ಡಿಗ್ರಿಯನ್ನು ಕತ್ತರಿಸುವುದೂ ಅಳೆಯುವುದೂ ಸಾಮಾನ್ಯ ಕೆಲಸಗಾರನಿಗೆ ಸುಲಭ ಎಂಬುದು ಅವನ ವಾದ. ಯುರೋಪಿನವರು ಮೀಟರ್ ಪದ್ಧತಿ ಹಿಡಿದು 1898ರಲ್ಲಿ ಜ್ಯೂರಿಕ್‌ನಲ್ಲಿ ತಮ್ಮ ಪಟ್ಟಿ ಒಪ್ಪಿಕೊಂಡರು. ಹೀಗೆ ಲೋಕದಲ್ಲಿ ಮೂರು ಮನೆತನಗಳಾದವು.

ಇವು ಬೆರೆತಾಗ ಆಗುವ ಅನಾಹುತವನ್ನು ಮಾರಿಸ್ ಕಾರಿನ ಕಥೆ ಚೆನ್ನಾಗಿ ತೋರಿಸುತ್ತದೆ. ವಿಲಿಯಂ ಮಾರಿಸ್ 1923ರಲ್ಲಿ ಕಾವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಎಂಜಿನ್ ಕಾರ್ಖಾನೆ ಕೊಂಡ. ಅಲ್ಲಿನ ಯಂತ್ರಗಳು ಕತ್ತರಿಸುತ್ತಿದ್ದುದು ಮೀಟರ್ ಥ್ರೆಡ್. ಇಂಗ್ಲೆಂಡಿನ ಮೆಕ್ಯಾನಿಕ್‌ಗಳ ಬಳಿ ಇದ್ದುದು ವಿಟ್‌ವರ್ತ್ ಪಾನಾಗಳು. ಆದ್ದರಿಂದ ಬೋಲ್ಟಿನ ತಲೆ ವಿಟ್‌ವರ್ತ್ ಅಳತೆಗೆ, ಥ್ರೆಡ್ ಮೀಟರ್ ಅಳತೆಗೆ ಎಂದಾಯಿತು. ಮಾರಿಸ್ ಬಳಗದ ಎಂಜಿನ್ನುಗಳಲ್ಲಿ ಈ ಬೆರಕೆ 1950ರ ದಶಕದವರೆಗೂ ನಡೆಯಿತು. ಅಂಥ ಎಂಜಿನ್ನಿನ ಬೋಲ್ಟಿನ ತಲೆ ನೋಡಿ ಇದು ವಿಟ್‌ವರ್ತ್ ಎಂದು ಅಂಗಡಿಯ ಹೊಸ ಬೋಲ್ಟು ತಂದು ತಿರುಗಿಸಿದರೆ ಥ್ರೆಡ್ ಹಾಳು.

ಎರಡನೆಯ ಮಹಾಯುದ್ಧದಲ್ಲಿ ಈ ಭಿನ್ನತೆಯ ಬೆಲೆ ಎಲ್ಲರಿಗೂ ಗೊತ್ತಾಯಿತು. ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ ತಯಾರಿಸಿದಾಗ, ಬಿಡಿಭಾಗಗಳು ಅದಲುಬದಲಾಗಬೇಕೆಂದು ಬ್ರಿಟಿಷ್ ಥ್ರೆಡ್‌ಗಳನ್ನೇ ಅಲ್ಲಿ ಕತ್ತರಿಸಬೇಕಾಯಿತು. ಯುದ್ಧ ಮುಗಿದ ಮೇಲೆ, 1948ರ ನವೆಂಬರ್ 18ರಂದು, ಅಮೆರಿಕ, ಬ್ರಿಟನ್, ಕೆನಡಾ ದೇಶಗಳು ವಾಷಿಂಗ್ಟನ್‌ನಲ್ಲಿ ಒಂದೇ ಅಳತೆಗೆ ಸಹಿ ಹಾಕಿದವು. ಯುನಿಫೈಡ್ ಥ್ರೆಡ್ ಎನ್ನುವುದು ಅದನ್ನೇ. ಗೆದ್ದದ್ದು ಸೆಲ್ಲರ್ಸ್‌ನ 60 ಡಿಗ್ರಿ.

ಈಗ ಭಾರತದ ಗ್ಯಾರೇಜಿಗೆ ಬರೋಣ. ವಿಲ್ಲಿಸ್ ಜೀಪನ್ನು ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಜೋಡಿಸತೊಡಗಿತು. ಅದರ ಥ್ರೆಡ್ ಅಮೆರಿಕದ ಇಂಚು. ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಗೆ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಅಂಬಾಸಿಡರ್ ತಂದಿತು. ಅದರ 1489 ಸಿಸಿ ಎಂಜಿನ್ನಿನಲ್ಲಿ ಯುನಿಫೈಡ್ ಇಂಚು. ಫಿಯೆಟ್ ಮೂಲದ ಪದ್ಮಿನಿ ಇಟಲಿಯ ಮೀಟರ್. ಕಾರ್ಖಾನೆಯ ಹಳೆಯ ಯಂತ್ರಗಳಲ್ಲಿ ವಿಟ್‌ವರ್ತ್. ಇತ್ತ ಸರ್ಕಾರ 1956ರ ಕಾಯ್ದೆಯಿಂದ ದೇಶವನ್ನು ಮೀಟರ್ ಪದ್ಧತಿಗೆ ತಿರುಗಿಸಿತು. ಒಬ್ಬ ಮೆಕ್ಯಾನಿಕ್ ಬೆಳಿಗ್ಗೆ ಜೀಪು, ಮಧ್ಯಾಹ್ನ ಫಿಯೆಟ್, ಸಂಜೆ ಹಿಟ್ಟಿನ ಗಿರಣಿಯ ಎಂಜಿನ್ ನೋಡುತ್ತಿದ್ದ. ಇಂಚಿಗೆ ಎಂಟು ಸೂತ್ ಎಂಬ ಲೆಕ್ಕ ಅವನ ಬಾಯಲ್ಲಿತ್ತು, ಎಂಎಂ ಲೆಕ್ಕ ಪಾನಾದ ಮೇಲಿತ್ತು.

ಬೆರಕೆ ಎಲ್ಲಿ ಕೈಕೊಡುತ್ತದೆಂದು ಎರಡು ಉದಾಹರಣೆ ಹೇಳುತ್ತೇನೆ. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಸುತ್ತು, ಅಮೆರಿಕದ ಒರಟು ಥ್ರೆಡ್ಡಿಗೆ 13. ಒಂದರ ತೂತಿಗೆ ಇನ್ನೊಂದನ್ನು ಹಾಕಿದರೆ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಸಿಕ್ಕಿಕೊಳ್ಳುತ್ತದೆ. ಎರಡನೆಯದು, 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿಲಿಮೀಟರ್. ಬರಿಗಣ್ಣಿಗೆ ಅದೂ 8 ಎಂಎಂ ಬೋಲ್ಟೂ ಒಂದೇ. ಆದರೆ ಸುತ್ತಿನ ಲೆಕ್ಕ ಬೇರೆ. ಜೀಪಿನ ತೂತಿಗೆ 8 ಎಂಎಂ ಬೋಲ್ಟನ್ನು ಅದುಮಿ ತಿರುಗಿಸಿದ್ದರೆ, ಮೂವತ್ತು ವರ್ಷದ ಮೇಲೆ ಬಿಚ್ಚುವವನ ಪಾಲಿಗೆ ಅದು ಗಂಟು.

ಪಾನಾದ್ದೂ ಇದೇ ಕಥೆ. ಅರ್ಧ ಇಂಚಿನ ಪಾನಾ 12.7 ಮಿಲಿಮೀಟರ್. ಆ ನಟ್ಟಿಗೆ 13ರ ಪಾನಾ ಸುಮಾರಾಗಿ ಹಿಡಿಯುತ್ತದೆ. 9/16 ಇಂಚು ಎಂದರೆ 14.29. ಅದಕ್ಕೆ 14 ಹೋಗುವುದಿಲ್ಲ, 15 ಸಡಿಲ. ಸಡಿಲ ಪಾನಾ ಹಾಕಿ ಜಗ್ಗಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ತುಕ್ಕಿಗಿಂತ ಹೆಚ್ಚು ನಟ್ಟುಗಳನ್ನು ಕೊಂದದ್ದು ತಪ್ಪು ಪಾನಾ. ಆದ್ದರಿಂದ ಜೀಪು, ಅಂಬಾಸಿಡರ್ ಬಿಚ್ಚುವವರು ಇಂಚಿನ ರಿಂಗ್ ಪಾನಾ ಸೆಟ್ ಒಂದನ್ನು ಮೊದಲು ಕೊಳ್ಳಲಿ. ಅದರಲ್ಲೂ ಆರು ಮೂಲೆಯ ಸಾಕೆಟ್ ಇದ್ದರೆ ನಟ್ಟಿನ ಆರೂ ಬದಿಗೆ ಬಲ ಹಂಚಿಹೋಗುತ್ತದೆ.

ಬಿಚ್ಚುವ ವಿದ್ಯೆಗೂ ತನ್ನದೇ ಚರಿತ್ರೆ ಇದೆ. ಎಲ್ಲಕ್ಕಿಂತ ಹಳೆಯದು ಎಣ್ಣೆ ಮತ್ತು ಕಾಯುವಿಕೆ. ನಮ್ಮ ಹಳೆಯ ಮೇಸ್ತ್ರಿಗಳು ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ನಟ್ಟಿನ ಬುಡಕ್ಕೆ ಬಿಟ್ಟು ರಾತ್ರಿಯಿಡೀ ಇಡುತ್ತಿದ್ದರು. ತೆಳು ಎಣ್ಣೆ ಕೂದಲೆಳೆಯಷ್ಟು ಸಂದಿಯಲ್ಲೂ ತಾನಾಗಿ ಹರಿದು ಒಳಸೇರುತ್ತದೆ. ಅಮೆರಿಕದಲ್ಲಿ 1953ರಲ್ಲಿ ರಾಕೆಟ್ ಕೆಮಿಕಲ್ ಎಂಬ ಚಿಕ್ಕ ಕಂಪನಿ ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ತಾಗದಿರಲೆಂದು ಒಂದು ದ್ರವ ತಯಾರಿಸಿತು. ನಲವತ್ತನೆಯ ಪ್ರಯತ್ನದಲ್ಲಿ ಅದು ಕೈಗೂಡಿತು. ಇಂದು ಪ್ರತಿ ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ಅದೇ. ನೀರನ್ನು ಹೊರದಬ್ಬುವುದು ಅದರ ಮೂಲ ಕೆಲಸ. ಯಾವ ಎಣ್ಣೆಯೇ ಆದರೂ ಹಾಕಿದ ಕೂಡಲೇ ಪಾನಾ ಹಿಡಿಯಬಾರದು. ದಿನಕ್ಕೆ ಎರಡು ಸಲ ಹಾಕುತ್ತ ಕೆಲವು ದಿನ ಬಿಡಬೇಕು.

ಎರಡನೆಯದು ಪೆಟ್ಟು. ಬೋಲ್ಟಿನ ತಲೆಗೆ ನೇರವಾಗಿ, ಹದವಾಗಿ ಸುತ್ತಿಗೆಯಿಂದ ಬಡಿದರೆ ಥ್ರೆಡ್ಡಿನಲ್ಲಿ ಕಚ್ಚಿದ ತುಕ್ಕು ಪುಡಿಯಾಗುತ್ತದೆ, ಎಣ್ಣೆಗೆ ಹಾದಿ ಸಿಗುತ್ತದೆ. ಬಡಿದ ಮೇಲೆ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದಿಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ. ಅಲುಗಿತೆಂದು ಖುಷಿಯಲ್ಲಿ ಪೂರ್ತಿ ತಿರುಗಿಸಬಾರದು. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ತಂದು, ಮತ್ತೆ ಎಣ್ಣೆ ಬಿಟ್ಟು ಮುಂದುವರಿಯಬೇಕು. ಇಲ್ಲವಾದರೆ ಉದುರಿದ ತುಕ್ಕೇ ಥ್ರೆಡ್ಡಿನಲ್ಲಿ ಸಿಕ್ಕಿ ಬೋಲ್ಟು ಮುರಿಯುತ್ತದೆ.

ಮೂರನೆಯದು ಬೆಂಕಿ. 1903ರ ಸುಮಾರಿಗೆ ಫ್ರಾನ್ಸಿನಲ್ಲಿ ಫೂಶೆ ಮತ್ತು ಪಿಕಾರ್ ಎಂಬವರು ಆಕ್ಸಿಜನ್ ಮತ್ತು ಅಸಿಟಿಲೀನ್ ಸೇರಿಸಿ ಉರಿಸುವ ಟಾರ್ಚ್ ರೂಪಿಸಿದರು. ಅದು ಗ್ಯಾರೇಜಿಗೆ ಬಂದ ಮೇಲೆ ನಟ್ಟನ್ನು ಮಾತ್ರ ಕಾಯಿಸಿ ಹಿಗ್ಗಿಸುವುದು ಸಾಧ್ಯವಾಯಿತು. ಕಾದ ನಟ್ಟಿನ ಬುಡಕ್ಕೆ ಮೇಣದಬತ್ತಿ ಮುಟ್ಟಿಸುವವರಿದ್ದಾರೆ. ಕರಗಿದ ಮೇಣ ಥ್ರೆಡ್ಡಿನೊಳಗೆ ಇಳಿದು ಜಾರಿಸುತ್ತದೆ. ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಅಲ್ಯುಮಿನಿಯಂ ಹೆಡ್‌ನಲ್ಲಿ ಸಿಕ್ಕ ಉಕ್ಕಿನ ಸ್ಟಡ್ಡಿಗೆ ಸುತ್ತಲಿನ ಲೋಹವನ್ನು ಹದವಾಗಿ ಬಿಸಿ ಮಾಡಿದರೂ ಸಾಕು.

ಬೆಂಕಿ ಹಿಡಿಯುವ ಮುನ್ನ ಎಚ್ಚರ ಬೇಕು. ಬ್ಯಾಟರಿ ಕಳಚಿ, ಕಾರ್ಬುರೇಟರ್ ಮತ್ತು ಪೆಟ್ರೋಲ್ ಪೈಪ್ ತೆಗೆದು ದೂರವಿಡಿ. ಸುರಿದ ಎಣ್ಣೆ ಒರೆಸಿ. ಹಳೆಯ ನಟ್ಟುಗಳಿಗೆ ಕ್ಯಾಡ್ಮಿಯಂ ಲೇಪ ಇರುತ್ತಿತ್ತು. ಅದು ಕಾದಾಗ ಏಳುವ ಹೊಗೆ ವಿಷ. ಹಳೆಯ ಹೆಡ್ ಮತ್ತು ಮ್ಯಾನಿಫೋಲ್ಡ್ ಪ್ಯಾಕಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಅದನ್ನು ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿ ಕೆರೆದು, ಕವರಿನಲ್ಲಿ ಕಟ್ಟಿ ಬೇರೆ ಇಡಿ. ಇದು ಶ್ವಾಸಕೋಶದ ಪ್ರಶ್ನೆ, ಇದರಲ್ಲಿ ಉದಾಸೀನ ಬೇಡ.

ಇಷ್ಟಾದರೂ ಮುರಿದರೆ? ಸ್ಟಡ್ಡಿನ ತುದಿ ಹೊರಗಿದ್ದರೆ ಅದರ ಮೇಲೆ ಹೊಸ ನಟ್ಟಿಟ್ಟು ವೆಲ್ಡ್ ಮಾಡಿ. ವೆಲ್ಡಿನ ಬಿಸಿ ತುಕ್ಕನ್ನು ಬಿಡಿಸುತ್ತದೆ, ನಟ್ಟು ಪಾನಾಕ್ಕೆ ಹಿಡಿ ಕೊಡುತ್ತದೆ. ತುದಿ ಒಳಗೇ ಉಳಿದರೆ ನಡುಮಧ್ಯಕ್ಕೆ ಸೆಂಟರ್ ಪಂಚ್ ಹೊಡೆದು ಡ್ರಿಲ್ ಮಾಡಬೇಕು. ಇಲ್ಲಿ ಲೇತ್ ಅಂಗಡಿಯ ಅನುಭವಿಯ ಕೈ ಬೇಕು. ಕನ್ನಡ ನಾಡಿಗೆ ಈ ವಿಷಯದಲ್ಲಿ ದೊಡ್ಡ ಪರಂಪರೆ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದರು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಹರಿಹರದಲ್ಲಿ ಹುಟ್ಟಿ ಲೇತ್‌ಗಳಿಗೆ ಹೆಸರಾಯಿತು. 1953ರಲ್ಲಿ ಬೆಂಗಳೂರಿಗೆ ಎಚ್‌ಎಂಟಿ ಬಂತು. ತಾಲ್ಲೂಕು ಊರಿನ ಚಿಕ್ಕ ಲೇತ್ ಅಂಗಡಿಯಲ್ಲೂ ಸಿಗದ ಸ್ಟಡ್ಡನ್ನು ಹೊಸದಾಗಿ ಕತ್ತರಿಸಿಕೊಡುವ ಶಕ್ತಿ ಬಂದದ್ದು ಇಂಥ ಯಂತ್ರಗಳಿಂದ.

ಇನ್ನು ಕವರ್‌ಗಳ ಮಾತು. ಅಂಬಾಸಿಡರ್ ಎಂಜಿನ್ನಿನ ಮೇಲಿನ ಟ್ಯಾಪೆಟ್ ಕವರನ್ನು ಹಿಡಿದಿರುವುದು ಎರಡೇ ನಟ್ಟು. ಅವುಗಳ ಕೆಳಗೆ ರಬ್ಬರ್ ಬುಷ್ ಇರುತ್ತದೆ. ರಬ್ಬರ್ ಒಣಗಿ ಸ್ಟಡ್ಡಿಗೆ ಅಂಟಿರುತ್ತದೆ, ಕಾರ್ಕ್ ಪ್ಯಾಕಿಂಗ್ ಹೆಡ್ಡಿಗೆ ಕಚ್ಚಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ತಗಡು ಬಾಗಿ ಮುಂದೆ ಸದಾ ಎಣ್ಣೆ ಸೋರುತ್ತದೆ. ರಬ್ಬರ್ ಸುತ್ತಿಗೆಯಿಂದ ಬದಿಗಳಿಗೆ ತಟ್ಟಿ ಬಿಡಿಸಬೇಕು. ಬದಿಯಲ್ಲಿ, ಮ್ಯಾನಿಫೋಲ್ಡಿನ ಹಿಂದೆ, ಇನ್ನೆರಡು ಚಿಕ್ಕ ಕವರ್‌ಗಳಿವೆ, ಒಂದೊಂದಕ್ಕೆ ಒಂದೊಂದು ಬೋಲ್ಟು. ಹಳೆಯ ಪೆಟ್ರೋಲ್ ಜೀಪಿನ ಎಫ್-ಹೆಡ್ ಎಂಜಿನ್ನಿನಲ್ಲಿ ಇನ್ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಗ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಆದ್ದರಿಂದ ಅದಕ್ಕೂ ಮೇಲೊಂದು ಕವರ್, ಬದಿಗೊಂದು ಕವರ್. ಬದಿಯದು ಬಿಸಿ ಮ್ಯಾನಿಫೋಲ್ಡಿನ ನೆರೆಯಲ್ಲಿರುವುದರಿಂದ ಅದೇ ಹೆಚ್ಚು ಹಟಮಾರಿ.

ಮತ್ತೆ ಕೂರಿಸುವಾಗ ಮುಂದೆ ಬಿಚ್ಚುವವನನ್ನು ನೆನೆಯಿರಿ. ಸರಿಯಾದ ಅಳತೆಯ ಟ್ಯಾಪ್, ಡೈ ಆಡಿಸಿ ಥ್ರೆಡ್ ಶುಚಿ ಮಾಡಿ. ತಾಮ್ರದ ಗ್ರೀಸ್ ಸವರಿ. ಎಗ್ಸಾಸ್ಟ್ ಸ್ಟಡ್‌ಗಳಿಗೆ ಹಿತ್ತಾಳೆ ನಟ್ಟು ಹಾಕಿ, ಅದು ಉಕ್ಕಿಗೆ ತುಕ್ಕಿನಿಂದ ಬೆಸೆಯುವುದಿಲ್ಲ. ಹಾಳಾದ ತೂತಿಗೆ ದೊಡ್ಡ ಬೋಲ್ಟು ತುರುಕಬೇಡಿ, ಹೆಲಿಕಾಯಿಲ್ ಎಂಬ ತಂತಿಸುರುಳಿ ಕೂರಿಸಿ ಮೂಲ ಅಳತೆ ಉಳಿಸಿ. ಟ್ಯಾಪೆಟ್ ಕವರಿನ ನಟ್ಟಿಗೆ ಹೆಡ್ ನಟ್ಟಿನ ಸುಮಾರು ಹತ್ತನೇ ಒಂದರಷ್ಟು ಬಿಗಿ ಸಾಕು. ಸೋರುತ್ತದೆಂದು ಇನ್ನೂ ಬಿಗಿದರೆ ಇನ್ನೂ ಸೋರುತ್ತದೆ.

ಈ ಶ್ರಮಕ್ಕೆ ಈಗ ಕಾನೂನಿನ ಮನ್ನಣೆಯೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಿಂದ ಹೆಚ್ಚು ಬದಲಾಗಿರಬಾರದು ಎಂಬುದು ಷರತ್ತು. ಹಳೆಯ ಎಂಜಿನ್ನನ್ನು ಮುರಿಯದೆ ಬಿಚ್ಚುವುದಕ್ಕೆ ಎಷ್ಟು ಬೆಲೆ ಇದೆಯೆಂದು ಇದರಿಂದ ತಿಳಿಯಬಹುದು. ಶ್ರೀಕ್ಷೇತ್ರ ಧರ್ಮಸ್ಥಳದ ಕಾರು ಸಂಗ್ರಹವನ್ನೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯವನ್ನೂ ನೋಡಿದವರಿಗೆ, ಹಳೆಯ ಗಾಡಿ ಒಂದು ನಾಡಿನ ನೆನಪನ್ನು ಹೇಗೆ ಹಿಡಿದಿಡುತ್ತದೆ ಎಂಬುದು ಅನುಭವಕ್ಕೆ ಬಂದಿರುತ್ತದೆ.

ಕೇಳುಗರೇ, ಕಾರ್ಖಾನೆಗಳು ಈ ಎಂಜಿನ್ನುಗಳ ತಯಾರಿಕೆ ನಿಲ್ಲಿಸಿ ಆಗಿದೆ. ಅಂಬಾಸಿಡರ್ 2014ರಲ್ಲಿ ನಿಂತಿತು. ಇನ್ನು ಉಳಿದಿರುವುದು ಗಾಡಿಗಳು, ಮತ್ತು ಅವುಗಳನ್ನು ಬಲ್ಲ ವಯಸ್ಸಾದ ಮೇಸ್ತ್ರಿಗಳು. ಹಿತ್ತಲಲ್ಲಿ ಜೀಪಿದ್ದವರು ಗುಜರಿಗೆ ಹಾಕುವ ಮೊದಲು ಒಬ್ಬ ಹಿರಿಯ ಮೆಕ್ಯಾನಿಕ್‌ಗೆ ತೋರಿಸಿ. ಬಿಚ್ಚಿದ ಪ್ರತಿ ನಟ್ಟನ್ನೂ ಚೀಟಿ ಬರೆದು ಡಬ್ಬಿಯಲ್ಲಿಡಿ, ಹಾಳಾದದ್ದನ್ನೂ ಎಸೆಯಬೇಡಿ, ಹೊಸದಕ್ಕೆ ಅದೇ ಅಳತೆಗೋಲು. ಐಟಿಐಯಲ್ಲಿ, ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳಿಗೆ ನನ್ನ ವಿನಂತಿ ಒಂದೇ. ರಜೆಯಲ್ಲಿ ನಿಮ್ಮೂರಿನ ಹಿರಿಯ ಮೇಸ್ತ್ರಿಯ ಬಳಿ ಹೋಗಿ ಕೂತು, ಯಾವ ನಟ್ಟಿಗೆ ಯಾವ ಪಾನಾ, ಎಲ್ಲಿ ಎಣ್ಣೆ, ಎಲ್ಲಿ ಬೆಂಕಿ ಎಂದು ಕೇಳಿ ಬರೆದುಕೊಳ್ಳಿ. ಅವರು ಇರುವಾಗಲೇ ಈ ಕೆಲಸ ಆಗಬೇಕು.